ನಂದೂ ಅದೇ

ಪರೀಕ್ಷೆಗೆ ಮಾಲಿನಿ ಹೆದರಿರಲಿಲ್ಲ. ಪರೀಕ್ಷೆ ಮುಗಿದ ಮೇಲಿನ ಅರ್ಧ ಗಂಟೆಗೆ ಹೆದರಿದ್ದಳು.

ಇಂಥ ಹೆದರಿಕೆಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗೆಳತಿ ಗಾಯತ್ರಿಗೆ ಹೇಳಿದರೆ, "ಎಂತದೇ ನಿಂದು, ಹುಚ್ಚಿ!" ಎಂದು ಬೆನ್ನಿಗೊಂದು ಬಿಗಿಯುತ್ತಿದ್ದಳು. ಅದಕ್ಕೇ ತನಗೆ ತಾನೇ ಹೇಳಿಕೊಂಡಳು.

'ಲೆಕ್ಕ ಬಿಡಿಸುವುದಕ್ಕೆ ನನಗೆ ಭಯವಿಲ್ಲ. ನನ್ನ ಉತ್ತರ ಇಷ್ಟು ಎಂದು ನಾಲ್ಕು ಜನರ ಎದುರು ಬಾಯಿ ಬಿಡುವುದಕ್ಕೆ ಭಯ. ದೇವರೇ, ಇವತ್ತು ಯಾರೂ ಕೇಳದಿರಲಿ... ಅದರಲ್ಲೂ ಅವನು ಕೇಳದಿರಲಿ!'

ಕೇಳಿಯೇಬಿಟ್ಟ.

ಕಾಲೇಜಿನ ಮೆಟ್ಟಿಲು ಇಳಿಯುತ್ತಿದ್ದವಳ ಎದುರಿಗೆ ನಿತ್ಯಾನಂದ ನಿಂತಿದ್ದ. ಮೇ ತಿಂಗಳ ಸೆಕೆಗೆ ಅವನ ನೀಲಿ ಅಂಗಿ ಮೈಗೆ ಅಂಟಿಕೊಂಡಿತ್ತು. ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲು ಅಲ್ಲಿದೆ ಎಂಬುದು ಅವನಿಗೇ ನೆನಪಿದ್ದಂತಿರಲಿಲ್ಲ.

"ಮಾಲಿನಿಯವರೇ, ಒಂದ್ನಿಮಿಷ. ಆ ಎರಡು ಮಕ್ಕಳ ಲೆಕ್ಕ ಇತ್ತಲ್ಲ... ನಿಮ್ಗೆ ಎಷ್ಟು ಬಂತು?"

ಒಂದು ವರ್ಷ ಒಂದೇ ಬಿ.ಎಡ್. ಕ್ಲಾಸಿನಲ್ಲಿ ಕೂತಿದ್ದರು. ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು! ಮಾಲಿನಿಯ ಕೈಯಲ್ಲಿದ್ದ ಹಾಲ್ ಟಿಕೆಟ್ಟು ಬೆವರಿಗೆ ಮೆತ್ತಗಾಯಿತು.

ಲೆಕ್ಕ ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಅವರಲ್ಲಿ ಒಬ್ಬಳಾದರೂ ಹೆಣ್ಣು ಎಂದು ಗೊತ್ತಿದೆ. ಹಾಗಾದರೆ ಇಬ್ಬರೂ ಹೆಣ್ಣಾಗಿರುವ ಸಂಭವ ಎಷ್ಟು? ಅವಳು ಕಪ್ಪು ಮಾಡಿದ್ದು 'ಮೂರರಲ್ಲಿ ಒಂದು' ಎಂಬ ಉತ್ತರದ ಮುಂದಿನ ವೃತ್ತವನ್ನು.

ಅವಳು ಬಾಯಿ ತೆರೆಯುವ ಮೊದಲೇ ಅವನು ತನ್ನದನ್ನು ಹೇಳಿಬಿಟ್ಟ.

"ನಂಗೆ ಅರ್ಧ ಬಂತು. ಒಬ್ಬಳು ಹೆಣ್ಣು ಅಂತ ಅವರೇ ಹೇಳಿ ಆತು. ಇನ್ನೊಂದು ಗಂಡೋ ಹೆಣ್ಣೋ... ಅರ್ಧಕ್ಕರ್ಧ. ಅಲ್ದ?"

'ಅಲ್ಲ.' ಮಾತು ಗಂಟಲಿನ ತನಕ ಬಂತು. ಬಂದದ್ದು ಅಲ್ಲೇ ಕೂತುಬಿಟ್ಟಿತು.

"ನಂದೂ ಅದೇ," ಎಂದಳು ಮಾಲಿನಿ.

ಅವನ ಮುಖ ಹೇಗೆ ಅರಳಿತೆಂದರೆ, ಅದನ್ನು ನೋಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಯಾರಿಗೆ ತಾನೇ ಬಂದೀತು!

* * *

ಅದು ಎರಡು ಸಾವಿರದ ಎರಡನೇ ಇಸವಿ. ಸರ್ಕಾರಿ ಹೈಸ್ಕೂಲಿಗೆ ಗಣಿತದ ಮಾಸ್ತರುಗಳನ್ನು ಆರಿಸುವ ಪರೀಕ್ಷೆ ಕುಮಟೆಯಲ್ಲಿ, ಅವರು ಓದಿದ ಬಿ.ಎಡ್. ಕಾಲೇಜಿನಲ್ಲೇ ನಡೆದಿತ್ತು. ಇಡೀ ಕೋಣೆಗೆ ಒಂದೇ ಬಗೆಯ ಪ್ರಶ್ನೆಪತ್ರಿಕೆ. ಗಂಟೆ ಹೊಡೆದ ಕೂಡಲೇ ಉತ್ತರದ ಹಾಳೆಯ ಜೊತೆ ಅದನ್ನೂ ವಾಪಸು ಕಿತ್ತುಕೊಂಡಿದ್ದರು. ಇನ್ನೇನಿದ್ದರೂ ನೆನಪಿನಿಂದ ತಾಳೆ ನೋಡಬೇಕು.

ಹಾಗೆ ತಾಳೆ ನೋಡುವಲ್ಲಿ ನಿತ್ಯಾನಂದನೇ ಪ್ರಮಾಣ. ಬಿ.ಎಡ್. ಹುಡುಗರು ಅವನಿಗಿಟ್ಟ ಹೆಸರೇ 'ಕೀ ಆನ್ಸರು'. ಮಿರ್ಜಾನದ ತಿಮ್ಮಕ್ಕ ಹೊಳೆ ಮೀನು ಮಾರಿ ಓದಿಸಿದ ಮಗ. ಈ ನೌಕರಿ ಸಿಕ್ಕಿದರೆ ಅಮ್ಮನ ತಲೆಯ ಮೇಲಿನ ಬುಟ್ಟಿ ಇಳಿಸುತ್ತೇನೆ ಎಂದು ಎಲ್ಲರೆದುರು ಹೇಳಿಕೊಂಡವನು.

ಕಾಲೇಜಿನ ಎದುರಿನ ಕ್ಯಾಂಟೀನಿನಲ್ಲಿ ನಾಲ್ವರು ಕೂತರು. ನಿತ್ಯಾನಂದ, ಮಾಲಿನಿ, ಹೊನ್ನಾವರದ ಗಾಯತ್ರಿ. ನಾಲ್ಕನೆಯವನು ಭಟ್ಕಳದ ಹತ್ತಿರದ ಹೆಬಳೆಯ ವಿನೋದ; ಅವನಿಗೆ ಬಾಯಿಗೆ ಬಾಗಿಲೇ ಇಲ್ಲ.

"ನಂಗೊಂದು ಮಿಸಳ್," ಎಂದ ವಿನೋದ.

"ನಂಗೂ," ಎಂದಳು ಗಾಯತ್ರಿ. "ನಿಂಗೆಂತ ಬೇಕೇ, ಮಾಲಿನಿ?"

ಗಾಜಿನ ಪೆಟ್ಟಿಗೆಯಲ್ಲಿ ಆಗಷ್ಟೇ ಕರಿದ ಬನ್ಸ್ ಉಬ್ಬಿಕೊಂಡು ಕೂತಿದ್ದವು. ಬಾಳೆಹಣ್ಣಿನ ಪರಿಮಳ ಮೇಜಿನ ತನಕ ಬರುತ್ತಿತ್ತು. ಮಾಲಿನಿಗೆ ಮಿಸಳಿನ ಖಾರದ ಕಾಳು-ರಸ ಆಗುತ್ತಿರಲಿಲ್ಲ.

"ನಂಗೂ ಅದೇ," ಎಂದಳು.

ಇದು ಅವಳ ಇವತ್ತಿನ ರೋಗವಲ್ಲ. ಕಾಯ್ಕಿಣಿಯ ಶಾಲೆಯಲ್ಲಿ ಏಳನೇ ಇಯತ್ತೆಯಲ್ಲಿದ್ದಾಗ, ಒಂದು ದಿನ ಎಲ್ಲರೂ ಹೇಳಿದ ಉತ್ತರ ಬಿಟ್ಟು ಬೇರೆ ಹೇಳಿದ್ದಳು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತ್ತು. ಆಮೇಲೆ ನೋಡಿದರೆ ಅವಳದೇ ಸರಿ. ಆದರೆ ಮಾಸ್ತರು ಸರಿ ಎಂದದ್ದು ಅವಳಿಗೆ ಮರೆತೇಹೋಯಿತು, ನಗು ಮಾತ್ರ ಕಿವಿಯಲ್ಲಿ ಉಳಿಯಿತು. ಅಂದಿನಿಂದ ಅಂಗಡಿಯಲ್ಲಿ ಸೀರೆಯ ಬಣ್ಣ ಕೇಳಿದರೂ, ಮನೆಯಲ್ಲಿ ಪಲ್ಯ ಎಂತ ಮಾಡುವುದು ಎಂದು ಕೇಳಿದರೂ ಒಂದೇ ಮಾತು... ನಂಗೂ ಅದೇ. ನಂದೂ ಅದೇ. ಅಷ್ಟು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ಯಾರೂ ನಗುವುದಿಲ್ಲ.

ತಾಳೆ ನೋಡುವ ಕೆಲಸ ಶುರುವಾಯಿತು. ನಿತ್ಯಾನಂದ ಒಂದೊಂದೇ ಲೆಕ್ಕ ನೆನಪು ಮಾಡಿಕೊಂಡು ತನ್ನ ಉತ್ತರ ಹೇಳುತ್ತಿದ್ದ.

"ಆ ವೃತ್ತದ ಲೆಕ್ಕ? ನಂದು ಹನ್ನೆರಡು."

"ಅಯ್ಯೋ, ನಂದು ಹದಿನಾರು!" ಗಾಯತ್ರಿ ಹಣೆ ಚಚ್ಚಿಕೊಂಡಳು. "ಹೋಯ್ತು, ಅದೂ ಹೋಯ್ತು!"

"ನಂದು ಸಿ," ಎಂದ ವಿನೋದ.

"ಸಿ ಅಂದ್ರೆ ಎಷ್ಟೋ?"

"ಅದು ನಂಗೆಂತ ಗೊತ್ತು ಮಾರಾಯ್ತಿ? ಗೊತ್ತಿಲ್ದೇ ಇದ್ದದ್ದಕ್ಕೆಲ್ಲ ನಾನು ಸಿ ಹಾಕ್ಕೊಂಡು ಹೋದೆ. ಸರ್ಕಾರ ಬೇಕಾದ್ರೆ ಹುಡುಕ್ಕೊಳ್ಳಲಿ!"

ಎಲ್ಲರೂ ನಕ್ಕರು. ನಗು ಇಳಿದ ಮೇಲೆ ನಿತ್ಯಾನಂದನ ಕಣ್ಣು ಮಾಲಿನಿಯ ಕಡೆ ಹೊರಳಿತು. "ನಿಮ್ದು?"

"ನಂದೂ ಅದೇ. ಹನ್ನೆರಡು."

ಆ ಲೆಕ್ಕಕ್ಕೆ ಹನ್ನೆರಡು ಎಂದದ್ದು ನಿಜವೇ ಆಗಿತ್ತು. ಹೆಚ್ಚಿನವೆಲ್ಲ ನಿಜವಾಗಿಯೂ ಅವನದೇ ಉತ್ತರ. ಆದರೆ ನಾಲ್ಕೈದು ಬೇರೆ ಇದ್ದವು. ಆ ನಾಲ್ಕೈದಕ್ಕೂ ಅವಳ ಬಾಯಿ ಅದೇ ಮಾತು ಹೇಳಿತು. ಪ್ರತಿ ಸಲ ಹೇಳುವಾಗಲೂ ಅವನ ಕಣ್ಣಿನಲ್ಲಿ ಬೆಳಕು ಹೆಚ್ಚುತ್ತಿತ್ತು.

ಕೊನೆಗೆ ಅವನು ಅಂಗೈ ಮೇಲೆ ಪೆನ್ನಿನಿಂದ ಕೂಡಿಸಿ ಹೇಳಿದ. "ನಂಗೆ ನೂರಕ್ಕೆ ಎಂಬತ್ತೆರಡು ಬರೂದು. ಮಾಲಿನಿಯವ್ರಿಗೂ ಅಷ್ಟೇ. ಜಿಲ್ಲೆಯ ಆಯ್ಕೆ ಎಂಬತ್ತಕ್ಕೆ ನಿಂತ್ರೂ ನಾವಿಬ್ರೂ ಒಳಗೆ!"

"ನಾವಿಬ್ರೂ ಅಂತೆ, ನಾವಿಬ್ರೂ!" ವಿನೋದ ಮೇಜು ಬಡಿದ. "ಅಲ್ಲ ಮಾರಾಯಾ, ಅಣ್ಣ ತಂಗಿಗೂ ಇಷ್ಟು ತಾಳೆ ಬರೂದಿಲ್ಲ."

"ಅಣ್ಣ ತಂಗಿ ಅಂತ ಎಂತಕ್ಕೆ ಹೇಳ್ತೆ?" ಎಂದು ನಿತ್ಯಾನಂದ ಥಟ್ಟನೆ ಕೇಳಿದ. ಕೇಳಿದ ಮೇಲೆ ತಾನೇ ಕೆಂಪಾಗಿ ಚಾಯ ಕುಡಿಯತೊಡಗಿದ.

ಗಾಯತ್ರಿ ಮೇಜಿನ ಕೆಳಗೆ ಮಾಲಿನಿಯ ಕಾಲು ತುಳಿದಳು.

ಮಾಲಿನಿ ಖಾರದ ಮಿಸಳನ್ನು ನೀರು ಕುಡಿಯುತ್ತ ನುಂಗಿದಳು. ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೋ, ಹೆದರಿಕೆಗೋ, ಖುಷಿಗೋ... ಅವಳಿಗೇ ತಿಳಿಯಲಿಲ್ಲ.

* * *

ಎಂಟು ದಿನ ಕಳೆದಿರಬೇಕು. ಕಾಯ್ಕಿಣಿಯ ಮನೆಯಂಗಳದಲ್ಲಿ ಮಾಲಿನಿ ಅಮ್ಮನ ಜೊತೆ ಹಪ್ಪಳ ಒಣಗಿಸುತ್ತಿದ್ದಳು. ಬೇಲಿಯಾಚೆಯಿಂದ ಪಕ್ಕದ ಮನೆಯ ಸಣ್ಣಿಯಕ್ಕ ಕೂಗಿದಳು.

"ಏ ಮಾಲಿನೀ! ನಿಂಗೆ ಫೋನ್ ಬಂದದೆ, ಓಡ್ಬಾ! ಹೊನ್ನಾವರದ್ದಂತೆ!"

ಆ ಕೇರಿಗೆಲ್ಲ ಅದೊಂದೇ ಫೋನು. ಯಾರಿಗೆ ಕರೆ ಬಂದರೂ ಸಣ್ಣಿಯಕ್ಕ ಫೋನಿನ ಪಕ್ಕವೇ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದಳು. ಕಡ್ಡಿಯ ಕಡೆ ಕಣ್ಣು, ಫೋನಿನ ಕಡೆ ಕಿವಿ.

"ಹಲೋ..."

"ಮಾಲಿನೀ, ನಾನು ಗಾಯತ್ರಿ. ಪಕ್ಕದಲ್ಲಿ ಯಾರಾದ್ರೂ ಇದ್ದಾರನೇ?"

"ಹೂಂ."

"ಹಂಗಾದ್ರೆ ನೀ ಹೂಂ ಅನ್ನು ಸಾಕು, ನಾ ಹೇಳ್ತೆ. ನಿತ್ಯಾನಂದಣ್ಣ ಪುಸ್ತಕ ತೆಗೆದು ನೋಡಿದ್ರಂತೆ. ಅವರ ನಾಲ್ಕೈದು ಉತ್ತರ ತಪ್ಪು. ಆ ಮಕ್ಕಳ ಲೆಕ್ಕವೂ ತಪ್ಪಂತೆ, ಮೂರರಲ್ಲಿ ಒಂದು ಬರಬೇಕಂತೆ. ಅದನ್ನ ವಿನೋದನ ಹತ್ರ ಹೇಳಿದ್ದಾರೆ. ಆ ಕಪಿ ಬಸ್‌ಸ್ಟ್ಯಾಂಡಲ್ಲಿ ನಾಲ್ಕು ಜನರ ಎದುರು ಕುಶಾಲು ಮಾಡಿದ್ದಾನೆ. 'ಸರಿ ಉತ್ತರವೂ ಒಂದೇ, ತಪ್ಪು ಉತ್ತರವೂ ಒಂದೇ, ಪರೀಕ್ಷೇಲಿ ಅವನ ಬೆನ್ನ ಹಿಂದೇ ಸೀಟು, ಮಾಲಿನಿ ಕಣ್ಣು ಬಹಳ ಚುರುಕು' ಅಂತ..."

ಮಾಲಿನಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಕೇಳ್ತಾ ಇದ್ದೀಯನೇ? ಅವನಿಗೆ ಕುಶಾಲು. ಆದ್ರೆ ಅಲ್ಲಿದ್ದವರೊಬ್ರು ಅದನ್ನ ಹರಿಹರ ಸರ್ ಹತ್ರ ಒಯ್ದಿದ್ದಾರೆ. ಆ ದಿನ ನೀನು ಪದೇ ಪದೇ ತಲೆ ಎತ್ತಿ ಮುಂದೆ ನೋಡ್ತಾ ಇದ್ದದ್ದನ್ನ ಆ ಹೇಳಿದವರೇ ಕಂಡಿದ್ದಾರಂತೆ. ನೀ ಕಾಪಿ ಹೊಡೆದೆ ಅಂತ ಮಾತು."

ಹರಿಹರ ಸರ್ ಅವರ ಬಿ.ಎಡ್. ಕಾಲೇಜಿನ ಗಣಿತದ ಮಾಸ್ತರು. ಆ ದಿನ ಪರೀಕ್ಷೆಯ ಮೇಲ್ವಿಚಾರಣೆ ಅವರದೇ ಇತ್ತು.

"ನಾಳೆ ಬೆಳಿಗ್ಗೆ ನಿತ್ಯಾನಂದಣ್ಣನಿಗೆ ಸರ್ ಕಾಲೇಜಿಗೆ ಬರೂಕೆ ಹೇಳಿದ್ದಾರೆ. ಮಾಲಿನೀ... ಅವರು ಎಂತ ಮಾಡೂಕೆ ಹೊರಟಿದ್ದಾರೆ ಗೊತ್ತಾ? 'ಅವರದ್ದೆಂತ ತಪ್ಪಿಲ್ಲ, ನಾನೇ ಹಾಳೆ ಓರೆ ಮಾಡಿ ತೋರಿಸಿದ್ದು' ಅಂತ ಹೇಳ್ತಾರಂತೆ! ವಿನೋದ ಕಾಲಿಗೆ ಬಿದ್ರೂ ಕೇಳ್ತಿಲ್ಲ. ಹಂಗೆ ಹೇಳಿದ್ರೆ ಅವರ ಪರೀಕ್ಷೆಯೇ ರದ್ದು. ಇನ್ನು ಬರೆಯೂಕೂ ಬಿಡೂದಿಲ್ವಂತೆ... ಹಲೋ? ಹಲೋ?"

"ಹೂಂ," ಎಂದಳು ಮಾಲಿನಿ.

ಫೋನು ಇಟ್ಟಾಗ ಸಣ್ಣಿಯಕ್ಕ ಮೆಲ್ಲಗೆ ಕೇಳಿದಳು. "ಎಂತ ಆತೇ? ಮುಖ ಸುಣ್ಣದಂಗೆ ಆಗ್ಯದಲ್ಲ?"

"ಎಂತ ಇಲ್ಲ ಸಣ್ಣಿಯಕ್ಕಾ..."

ಎಂತ ಇಲ್ಲ! ಆ ಇಡೀ ದಿನ ಅವಳ ಕೈಯಿಂದ ಒಂದು ಕೆಲಸವೂ ನೆಟ್ಟಗಾಗಲಿಲ್ಲ.

ಅವಳ ನಿಜವಾದ ಉತ್ತರಗಳು ಬೆಂಗಳೂರಿನ ಯಾವುದೋ ಕಪಾಟಿನಲ್ಲಿ ಮೊಹರಾಗಿ ಕೂತಿವೆ. ಅವು ಅವನ ಉತ್ತರಗಳಲ್ಲ ಎಂದು ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು. ತನಿಖೆಯಾದರೆ ಅವಳಿಗೇನೂ ಆಗುವುದಿಲ್ಲ. ಆದರೆ 'ನಾನೇ ತೋರಿಸಿದೆ' ಎಂದು ಅವನು ಬಾಯಿಬಿಟ್ಟು ಹೇಳಿದರೆ... ಅವನು ಮುಗಿದ! ಮಾಡದ ತಪ್ಪಿಗೆ. ಅವಳು ಆಡಿದ ಒಂದು ಪುಟ್ಟ ಸುಳ್ಳಿಗೆ.

ಇನ್ನೊಂದು ಹೆದರಿಕೆಯನ್ನು ಅವಳು ಮನಸ್ಸಿನಲ್ಲಿ ಮುಟ್ಟಲೂ ಅಂಜಿದಳು.

ಪದೇ ಪದೇ ಮುಂದೆ ನೋಡಿದಳಂತೆ... ಅದು ಸುಳ್ಳಲ್ಲ. ನೋಡಿದ್ದು ಹೌದು!

'ಏನು ನೋಡಿದೆ ಎಂದು ಕೇಳಿದರೆ ಎಂತ ಹೇಳಲಿ?'

* * *

ಮರುದಿನ ಬೆಳಿಗ್ಗೆ, "ಕಾಲೇಜಲ್ಲಿ ಕೆಲಸ ಅದೆ," ಎಂದಳು.

ಅಪ್ಪ ಅಣ್ಣಪ್ಪ ನಾಯ್ಕರು ಗದ್ದೆಗೆ ಹೊರಟವರು ತಿರುಗಿ ನೋಡಿದರು. "ಒಬ್ಳೇ ಹೋಗ್ತೆಯಾ? ಗಾಯತ್ರಿ ಬರೂದಿಲ್ವಾ?"

"ಇಲ್ಲ. ಒಬ್ಳೇ."

ಅಪ್ಪ ಒಂದು ಗಳಿಗೆ ಮಗಳ ಮುಖ ನೋಡಿದರು. "ಆತು, ಹೋಗ್ಬಾ. ಕತ್ತಲಾಗೂದ್ರೊಳಗೆ ಬಾ," ಎಂದಷ್ಟೇ ಹೇಳಿ ನಡೆದರು.

ಮುರ್ಡೇಶ್ವರದ ಕ್ರಾಸಿನಲ್ಲಿ ಸಿಕ್ಕಿದ ಕುಮಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹೇಳಬೇಕಾದ ಮಾತು ಒಂದೇ ಇತ್ತು. 'ಸರ್, ನನ್ನ ಉತ್ತರ ಬೇರೆ.' ಅದನ್ನು ತುಟಿಯೊಳಗೇ ಹೇಳಿ ನೋಡಿದಳು. ಬಸ್ಸು ಓಡುತ್ತಿರುವಾಗ ಸಲೀಸಾಗಿ ಬರುತ್ತಿತ್ತು. ಯಾವುದಾದರೂ ಊರಿನಲ್ಲಿ ನಿಂತು ನಾಲ್ಕು ಜನ ಹತ್ತಿದರೆ ಸಾಕು, ಮಾತು ಒಳಗೆ ಓಡಿಹೋಗುತ್ತಿತ್ತು.

ಹೊನ್ನಾವರ ಹತ್ತಿರವಾಗುತ್ತಿದ್ದಂತೆ ಬಸ್ಸು ಶರಾವತಿಯ ಸೇತುವೆ ಹತ್ತಿತು. ಕೆಳಗೆ ಅಷ್ಟಗಲ ನೀರು. ಮಾಲಿನಿಯ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯಿತು.

'ತಿರುಗಿ ಹೋಗಿಬಿಡಲೇ? ಹೊನ್ನಾವರದಲ್ಲಿ ಇಳಿದು ಭಟ್ಕಳದ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಮನೆ. ಯಾರೂ ನನ್ನನ್ನು ಕರೆದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ...'

ಹೊನ್ನಾವರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಅವಳು ಎದ್ದೂ ನಿಂತಳು!

"ಇಳೀತೀರಾ ಅಕ್ಕ?" ಕಂಡಕ್ಟರು ಕೇಳಿದ.

ಕಿವಿಯ ಮೇಲಿನ ಪೆನ್ಸಿಲು ನೆನಪಾಯಿತು. ತಲೆಯ ಮೇಲೆ ಬುಟ್ಟಿ ಹೊತ್ತ, ತಾನು ಕಂಡೇ ಇರದ ಒಬ್ಬ ತಿಮ್ಮಕ್ಕ ನೆನಪಾದಳು.

"ಇಲ್ಲ," ಎಂದು ಕೂತಳು. ಆ ದಿನ ಅವಳು ಹೇಳಿದ ಮೊದಲ ಗಟ್ಟಿ ಮಾತು ಅದೇ.

* * *

ಹರಿಹರ ಸರ್ ಅವರ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ನಿತ್ಯಾನಂದ ಕೂತಿದ್ದ. ಕಿವಿಯ ಮೇಲೆ ಅದೇ ಪೆನ್ಸಿಲು, ಮುಖ ಬಾಡಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ.

"ನೀವು ಎಂತಕ್ಕೆ ಬಂದದ್ದು? ನಿಮ್ಮನ್ನ ಯಾರೂ ಕರೀಲಿಲ್ಲ."

"ನಾನು..."

"ಹೆದರ್ಬೇಡಿ ಮಾಲಿನಿಯವರೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಸಲೀಸಾಗುತ್ತಿತ್ತು! "ಪರೀಕ್ಷೆ ಅಂದ್ರೆ ಯಾರಿಗಾದ್ರೂ ಕೈಕಾಲು ನಡುಗ್ತದೆ. ಹೆದರಿ ಎಲ್ಲೋ ಕಣ್ಣು ಹಾಯಿಸಿದ್ದಿರಬೇಕು, ಅಷ್ಟೇ. ನಾನು ಯಾರ ಹತ್ರವೂ ಹೇಳೂದಿಲ್ಲ. ನೀವು ಮನೆಗೆ ಹೋಗಿ. ನಾನು ಎಲ್ಲ ಸರಿ ಮಾಡ್ತೆ."

ಮಾಲಿನಿ ಅವನನ್ನೇ ನೋಡಿದಳು. 'ಇವನು ನಂಬಿದ್ದಾನೆ... ನಾನು ಕಾಪಿ ಹೊಡೆದೆ ಎಂದೇ ನಂಬಿದ್ದಾನೆ! ನಂಬಿಯೂ ನನಗಾಗಿ...'

"ನಿತ್ಯಾನಂದ, ಒಳಗೆ ಬಾ," ಸರ್ ದನಿ ಕೇಳಿತು.

ಅವನು ಹೋದ. ಬಾಗಿಲು ಅರ್ಧ ತೆರೆದೇ ಇತ್ತು. ಹೊರಗೆ ನಿಂತವಳಿಗೆ ಎಲ್ಲವೂ ಕೇಳುತ್ತಿತ್ತು.

"ಎಂತ ಕಥೆ ಇದು? ನಿಜ ಹೇಳು."

"ಸರ್, ಅವರದ್ದೆಂತ ತಪ್ಪಿಲ್ಲ. ನಾನೇ..."

ಮಾಲಿನಿ ಬಾಗಿಲು ದೂಡಿದಳು. ಅದು ಗೋಡೆಗೆ ಬಡಿದು ದಡಾರೆಂದಿತು. ಇಬ್ಬರೂ ತಿರುಗಿ ನೋಡಿದರು. ಎಲ್ಲರೂ ತಿರುಗಿ ನೋಡುವುದು... ಏಳನೇ ಇಯತ್ತೆಯಿಂದ ಅವಳು ತಪ್ಪಿಸಿಕೊಂಡು ಬಂದದ್ದು ಇದನ್ನೇ!

"ಸರ್..."

"ಮಾಲಿನಿ? ನೀನೂ ಬಂದ್ಯಾ, ಒಳ್ಳೇದಾಯ್ತು." ಸರ್ ಕನ್ನಡಕ ಸರಿಮಾಡಿಕೊಂಡರು. "ನಿನ್ನ ಉತ್ತರವೂ ಇವನ ಉತ್ತರವೂ ಎಲ್ಲ ಒಂದೇ ಅಂತ ಜನ ಹೇಳ್ತಾರೆ. ಹೌದಾ?"

'ಹೂಂ' ಎಂಬುದು ನಾಲಿಗೆಯ ತುದಿಗೆ ಬಂದೇಬಂತು. ರೂಢಿಯಲ್ಲವೇ? ನೀರು ಇಳಿಜಾರಿಗೆ ಹರಿದ ಹಾಗೆ ತಾನೇ ಬರುತ್ತದೆ. ಮಾಲಿನಿ ಹಲ್ಲು ಕಚ್ಚಿ ಅದನ್ನು ತಡೆದಳು.

"ಅಲ್ಲ ಸರ್."

"ಎಂತ?"

"ನನ್ನ ಉತ್ತರ ಬೇರೆ. ಎಲ್ಲ ಅಲ್ಲ... ನಾಲ್ಕೈದು ಬೇರೆ. ಆ ಮಕ್ಕಳ ಲೆಕ್ಕಕ್ಕೆ ನಾನು ಅರ್ಧ ಹಾಕ್ಲಿಲ್ಲ."

ನಿತ್ಯಾನಂದ ಬೆರಗಾಗಿ ನೋಡುತ್ತಿದ್ದ. ಸರ್ ಚಾಕ್‌ಪೀಸು ಚಾಚಿ ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದರು.

ಬೆನ್ನ ಹಿಂದೆ ಇಬ್ಬರು ಗಂಡಸರು. ಮೊದಲ ಗೆರೆ ಸೊಟ್ಟಗಾಯಿತು. ಬರೆದಳು.

"ಇಬ್ಬರು ಮಕ್ಕಳು ಅಂದ್ರೆ ನಾಲ್ಕು ಥರ ಆಗ್ಬಹುದು ಸರ್. ಗಂಡು-ಗಂಡು. ಗಂಡು-ಹೆಣ್ಣು. ಹೆಣ್ಣು-ಗಂಡು. ಹೆಣ್ಣು-ಹೆಣ್ಣು. ಒಬ್ಬಳಾದ್ರೂ ಹೆಣ್ಣು ಅಂತ ಹೇಳಿದ್ದಾರೆ, ಹಂಗಾಗಿ ಗಂಡು-ಗಂಡು ಹೋಯ್ತು." ಅದರ ಮೇಲೆ ಅಡ್ಡಗೆರೆ ಎಳೆದಳು. "ಉಳಿದದ್ದು ಮೂರು. ಆ ಮೂರರಲ್ಲಿ ಇಬ್ಬರೂ ಹೆಣ್ಣು ಇರೂದು ಒಂದೇ. ಮೂರರಲ್ಲಿ ಒಂದು."

ಲೆಕ್ಕದ ಒಳಗೆ ಹೊಕ್ಕ ಮೇಲೆ ದನಿ ನಡುಗುವುದು ತಾನಾಗಿಯೇ ನಿಂತಿತ್ತು. ಅದು ಅವಳ ಗಮನಕ್ಕೇ ಬರಲಿಲ್ಲ.

"ಸರಿ ಉಂಟು," ಎಂದರು ಸರ್. "ಆದ್ರೆ ಇದನ್ನ ಮನೆಗೆ ಹೋಗಿ ಪುಸ್ತಕ ನೋಡಿ ಕಲಿತು ಬಂದಿದ್ರೆ?"

"ನನ್ನ ಹಾಳೆ ತೆಗೆಸಿ ನೋಡಿ ಸರ್. ಬರೆದುಕೊಡಿ ಅಂದ್ರೆ ನಾನೇ ಬರೆದುಕೊಡ್ತೆ, ತೆಗೆಸಿ ನೋಡಿ ಅಂತ."

ಸರ್ ತಲೆದೂಗಿದರು. ತಪ್ಪು ಮಾಡಿದವರು ಆಡುವ ಮಾತು ಅದಾಗಿರಲಿಲ್ಲ.

"ಹಂಗಾದ್ರೆ ಆ ದಿನ ಇವನ ಹತ್ರ 'ನಂದೂ ಅದೇ' ಅಂದದ್ದು ಎಂತಕ್ಕೆ?"

"ಹೆದರಿಕೆ ಸರ್."

"ಯಾರ ಹೆದರಿಕೆ?"

"ಬೇರೆ ಹೇಳೂದಕ್ಕೇ ಹೆದರಿಕೆ."

ಸರ್ ಅವಳನ್ನೇ ನೋಡಿದರು. ವರ್ಷವಿಡೀ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗಿ. ಅವಳ ದನಿ ಹೀಗಿದೆ ಎಂದು ಅವರಿಗೂ ಇವತ್ತೇ ಗೊತ್ತಾದದ್ದು.

"ಇನ್ನೊಂದೇ ಪ್ರಶ್ನೆ. ನೀನು ಪದೇ ಪದೇ ಮುಂದೆ ನೋಡ್ತಿದ್ದಿ ಅಂತ ಕಂಡವರು ಹೇಳ್ತಾರೆ. ಅದೂ ಸುಳ್ಳಾ?"

ಮಾಲಿನಿಯ ಕೈಯಲ್ಲಿದ್ದ ಚಾಕ್‌ಪೀಸು ಎರಡು ತುಂಡಾಯಿತು.

"ನೋಡಿದ್ದು ಹೌದು ಸರ್. ಆದ್ರೆ... ಹಾಳೆ ನೋಡ್ಲಿಲ್ಲ."

"ಮತ್ತೆಂತ ನೋಡಿದ್ದು?"

ಅವಳ ಮುಖ ಕಿವಿಯ ತನಕ ಕೆಂಪಾಯಿತು, ಕಣ್ಣು ನೆಲಕ್ಕೆ ಅಂಟಿತು. ಸರ್ ಅವಳನ್ನು ನೋಡಿದರು. ಪೆದ್ದನ ಹಾಗೆ ನಿಂತಿದ್ದ ನಿತ್ಯಾನಂದನನ್ನು ನೋಡಿದರು. ಮನೆಯಲ್ಲಿ ಎರಡು ಹೆಣ್ಣುಮಕ್ಕಳ ಮದುವೆ ಮಾಡಿದವರು ಅವರು. ಕೆಮ್ಮು ಬಂದ ಹಾಗೆ ಮಾಡಿ ಕನ್ನಡಕ ತೆಗೆದು ಒರೆಸತೊಡಗಿದರು.

"ಆತು, ಆತು. ನಂಗೆ ಬೇಕಾದ್ದು ಸಿಕ್ಕಿತು. ಮೇಲಿನವರು ಕೇಳಿದ್ರೆ ಹಾಳೆ ತೆಗೆಸಿ ನೋಡಿ ಅಂತ ನಾನೇ ಹೇಳ್ತೆ. ನಿತ್ಯಾನಂದ, ನೀನು ಎಂತದೋ ಹೇಳೂಕೆ ಹೊರಟಿದ್ದಿ. 'ನಾನೇ' ಅಂತ. ಎಂತದು?"

"ಎಂತ ಇಲ್ಲ ಸರ್..."

"ಎಂತ ಇಲ್ದಿದ್ರೆ ಹೊರಗೆ ನಡೆ. ಇಬ್ಬರೂ ಹೋಗಿ. ಬಾಗಿಲು ಮೆಲ್ಲಗೆ ಹಾಕ್ಕೊಳ್ಳಿ, ಸರ್ಕಾರದ್ದು!"

* * *

ಕ್ಯಾಂಟೀನಿನಲ್ಲಿ ಯಾರೂ ಇರಲಿಲ್ಲ. ಅದೇ ಮೇಜು. ಎದುರುಬದುರು ಕೂತರು.

ನಿತ್ಯಾನಂದ ತಲೆ ತಗ್ಗಿಸಿ ಅಂಗೈ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ. ಮಾಲಿನಿಗೆ ಹೊಸ ಭಯ ಹುಟ್ಟಿತು. 'ಇವನಿಗೆ ಸಿಟ್ಟು ಬಂತೇ? ನನಗೆ ಹೆಚ್ಚು ಅಂಕ ಬರುತ್ತದೆಂದು ಬೇಸರವೇ?'

ಅವನು ತಲೆ ಎತ್ತಿದ.

"ನಂದು ಎಂಬತ್ತೆರಡು ಅಲ್ಲ, ಎಪ್ಪತ್ತೇಳು. ನಂಗೆ ತಪ್ಪಿದ್ದು ನಿಮ್ಗೆ ಸರಿ ಆಗಿದ್ರೆ... ನಿಮ್ದೇ ಎಂಬತ್ತೆರಡು! ಹಂಗಾದ್ರೆ ನಿಮ್ಗೆ ನೌಕರಿ ಆದ ಹಂಗೇ!" ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದು ನಿಧಾನಕ್ಕೆ ಇಳಿಯಿತು. "ನಂಗೆ ಮುಂದಿನ ಸಲ ಆದೀತು. ಬೇಸರ ಅದಕ್ಕಲ್ಲ."

"ಮತ್ತೆ?"

"ಆ ದಿನ ಒಂದೊಂದಕ್ಕೂ ನೀವು 'ನಂದೂ ಅದೇ' ಅಂದ್ರಲ್ಲ... ಮನೆಗೆ ಹೋಗುವಾಗ ನಂಗೆ ಮಾರ್ಕಿನ ನೆನಪೇ ಇರ್ಲಿಲ್ಲ. ನನ್ನ ಹಂಗೇ ಯೋಚನೆ ಮಾಡುವವ್ರು ಒಬ್ರು ಇದ್ದಾರೆ ಅಂತ... ಹುಚ್ಚನ ಹಂಗೆ ನಕ್ಕೊಂಡು ಹೋದೆ. ಆಮೇಲೆ ಕಾಪಿ ಅಂದ್ರು. ಈಗ ನೋಡಿದ್ರೆ ಅದೂ ಅಲ್ಲ, ಇದೂ ಅಲ್ಲ. ಇನ್ನು ನಾನು ಎಂತ ಕೇಳಿದ್ರೂ ನೀವು 'ನಂದೂ ಅದೇ' ಅಂತೀರಿ. ಅದು ನಿಜವೋ ಹೆದರಿಕೆಯೋ ನಂಗೆ ಹ್ಯಾಂಗೆ ಗೊತ್ತಾಗೂದು?"

ಮಾಲಿನಿಯ ಕಣ್ಣು ತುಂಬಿತು.

ಅಷ್ಟರಲ್ಲಿ ಕ್ಯಾಂಟೀನಿನ ಬೀರಪ್ಪ ಒರೆಸು ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದು ನಿಂತ. "ಎಂತ ಕೊಡೂದು?"

"ಒಂದು ಮಿಸಳ್," ಎಂದ ನಿತ್ಯಾನಂದ.

"ಅಮ್ಮನಿಗೆ?"

ಇಬ್ಬರೂ ಅವಳ ಕಡೆ ನೋಡಿದರು.

"ಬನ್ಸ್," ಎಂದಳು ಮಾಲಿನಿ. "ನಂಗೆ ಮಿಸಳ್ ಆಗೂದಿಲ್ಲ. ಖಾರ. ಆ ದಿನವೂ ನಂಗೆ ಬನ್ಸೇ ಬೇಕಿತ್ತು."

ಬೀರಪ್ಪ ಹೋದ. ನಿತ್ಯಾನಂದನ ತುಟಿಯ ತುದಿಯಲ್ಲಿ ನಗು ಮೂಡಿತು. ಮೂಡಿ ಹಾಗೇ ನಿಂತಿತು. ಅವನು ಮೇಜಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದ.

"ಸರ್ ಕೇಳಿದ ಕಡೇ ಪ್ರಶ್ನೆಗೆ ನೀವು ಉತ್ತರ ಬಿಟ್ಟು ಬಂದ್ರಿ."

ಮಾಲಿನಿ ನೀರಿನ ಲೋಟವನ್ನು ಹತ್ತಿರ ಎಳೆದುಕೊಂಡಳು.

"ನನ್ನ ಹತ್ರವೂ ಒಂದು ಉತ್ತರ ಉಂಟು," ಎಂದ ಅವನು. "ಆದ್ರೆ ಈ ಸಲ ನಾನು ಮೊದಲು ಹೇಳೂದಿಲ್ಲ. ಮೊದಲು ನಿಮ್ದು."

ಒಳಗೆ ಎಣ್ಣೆ ಚುಯ್ಯೆಂದಿತು. ರಸ್ತೆಯಲ್ಲಿ ಹೊನ್ನಾವರದ ಟೆಂಪೋ ಜನ ಕರೆಯುತ್ತ ಹೋಯಿತು. ಮಾಲಿನಿಗೆ ಹೆದರಿಕೆಯಾಗುತ್ತಿತ್ತು. ಬಸ್ಸಿನಲ್ಲಿ ಆದದ್ದಕ್ಕಿಂತ, ಸರ್ ಕೋಣೆಯಲ್ಲಿ ಆದದ್ದಕ್ಕಿಂತ ಹೆಚ್ಚು. ಈ ಲೆಕ್ಕಕ್ಕೆ ಬೋರ್ಡಿನ ಮೇಲೆ ಬರೆದು ತೋರಿಸುವ ದಾರಿ ಇರಲಿಲ್ಲ. ಅವನು ನಕ್ಕುಬಿಟ್ಟರೆ? ಅವನ ಉತ್ತರ ಬೇರೆಯೇ ಆಗಿದ್ದರೆ?

ಆಗಿರಲಿ. ಬೇರೆಯಾಗಿದ್ದರೂ ಇದು ನನ್ನದು.

ತಲೆ ಎತ್ತಿದಳು. ಅವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ನೋಡಿದ್ದು ಹೌದು. ಹಾಳೆಯನ್ನಲ್ಲ... ನಿಮ್ಮನ್ನ. ನಂಗೆ ನೀವು ಅಂದ್ರೆ ಇಷ್ಟ."

ಅವನು ನಗಲಿಲ್ಲ. ಕಿವಿಯ ಮೇಲೆ ಮರೆತ ಪೆನ್ಸಿಲು ಜಾರಿ ಮೇಜಿನ ಮೇಲೆ ಬಿದ್ದರೂ ಎತ್ತಿಕೊಳ್ಳಲಿಲ್ಲ.

"ನಂದೂ ಅದೇ," ಎಂದ.